ಸಮುದಾಯ ಆರೋಗ್ಯ ಕೇಂದ್ರ: ಹಾಸಿಗೆಗಳಿವೆ, ತಜ್ಞರೆಲ್ಲಿ?

ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡಾಗ ಮನೆಯವರು ಮೊದಲು ಕೇಳುವುದು, ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು ಇದ್ದಾರೆಯೇ ಎಂದು. ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳನ್ನು ಅಳೆಯಲು ನಮಗೆ ಇದಕ್ಕಿಂತ ಸರಳವಾದ ಅಳತೆಗೋಲು ಕಾಣುವುದಿಲ್ಲ.

ಸರಕಾರದ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ 1,20,000 ಜನರಿಗೆ, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶದಲ್ಲಿ 80,000 ಜನರಿಗೆ ಇಂಥ ಒಂದು ಕೇಂದ್ರವಿರಬೇಕು. ಅಲ್ಲಿ 30 ಹಾಸಿಗೆಗಳು, ಶಸ್ತ್ರಚಿಕಿತ್ಸಕರು, ಫಿಜಿಶಿಯನ್, ಸ್ತ್ರೀರೋಗ ಮತ್ತು ಮಕ್ಕಳ ತಜ್ಞರು ಇರಬೇಕು. ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗುಣವಾಗದ ರೋಗಿಗಳನ್ನು ಕಳುಹಿಸುವುದು ಇಲ್ಲಿಗೆ.

ಸಾಧನೆ ಆಗಿಲ್ಲವೆಂದಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಬಳಿಕ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದರು. 2005-06ರ ಸಮೀಕ್ಷೆಯಲ್ಲಿ ದೇಶದ ಸುಮಾರು ಶೇಕಡ 39ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಸುಮಾರು 89ಕ್ಕೆ ಏರಿತು. ತಾಯಂದಿರು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದಾರೆ. ಒಳಗೆ ಯಾರಿದ್ದಾರೆ ಎಂಬುದೇ ಈಗಿನ ಪ್ರಶ್ನೆ.

ಕೇಂದ್ರ ಆರೋಗ್ಯ ಇಲಾಖೆಯ 2021-22ರ ಅಂಕಿ ಅಂಶಗಳಂತೆ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞ ವೈದ್ಯರಲ್ಲಿ ಶೇಕಡ 80ರಷ್ಟು ಮಂದಿಯ ಕೊರತೆಯಿತ್ತು. ಇದ್ದವರಿಂದಲೂ ಪೂರ್ಣ ಪ್ರಯೋಜನವಿಲ್ಲ. ಸ್ತ್ರೀರೋಗ ತಜ್ಞೆ ಇದ್ದು ಅರಿವಳಿಕೆ ವೈದ್ಯರು ಇಲ್ಲದಿದ್ದರೆ ಸಿಸೇರಿಯನ್ ಸಾಧ್ಯವಿಲ್ಲ. ಇಬ್ಬರೂ ಇದ್ದು ರಕ್ತ ಸಂಗ್ರಹ ಇಲ್ಲದಿದ್ದರೆ ಅಪಾಯದ ಹೆರಿಗೆಗೆ ಕೈಹಾಕಲು ಯಾರೂ ಧೈರ್ಯ ಮಾಡುವುದಿಲ್ಲ. ಕೊನೆಗೆ ಉಳಿಯುವುದು ಒಂದೇ ಮಾತು: 'ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.'

ಮಂಗಳೂರು, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜುಗಳಿರುವ ನಮ್ಮ ಕರಾವಳಿಗೆ ಈ ಮಾತು ಅಷ್ಟು ಕಠಿಣವಾಗಿ ಕೇಳಿಸದಿರಬಹುದು. ಆದರೆ ಘಟ್ಟದ ಬುಡದ ಹಳ್ಳಿಯಿಂದ ಮಳೆಗಾಲದ ರಾತ್ರಿ ಹೊರಡುವ ಕೂಲಿ ಕುಟುಂಬಕ್ಕೆ ಅದರ ಬೆಲೆ ಗೊತ್ತು. ಅಂಬುಲೆನ್ಸ್ 108 ಉಚಿತ; ಅದು ತಲುಪಿಸುವ ಖಾಸಗಿ ಆಸ್ಪತ್ರೆಯ ಬಿಲ್ಲು ಎಲ್ಲರಿಗೂ ಉಚಿತವಲ್ಲ.

ಪರಿಹಾರ ಇಲ್ಲದಿಲ್ಲ. ತಮಿಳುನಾಡು 2000ದ ದಶಕದಲ್ಲಿಯೇ ತಜ್ಞರನ್ನು ಎಲ್ಲೆಡೆ ಒಬ್ಬೊಬ್ಬರಂತೆ ಹಂಚದೆ, ಆಯ್ದ ಆಸ್ಪತ್ರೆಗಳಲ್ಲಿ ಒಟ್ಟಾಗಿ ನೇಮಿಸಿ ಹಗಲು ರಾತ್ರಿ ತುರ್ತು ಹೆರಿಗೆ ಸೇವೆ ಒದಗಿಸಿತು. ಹೊಸ ಕಟ್ಟಡಕ್ಕಿಂತ ಇಂಥ ಜೋಡಣೆ ಮುಖ್ಯವೆಂದು ನಾವು ಭಾವಿಸುತ್ತೇವೆ. ವೈದ್ಯರು ಹಳ್ಳಿಯಲ್ಲಿ ಉಳಿಯಬೇಕಾದರೆ ವಾಸಕ್ಕೆ ಯೋಗ್ಯವಾದ ವಸತಿಗೃಹವೂ ಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಸರಕಾರಿ ಆಸ್ಪತ್ರೆಗಳಿಗೆ ಜನಪ್ರತಿನಿಧಿಗಳಿರುವ ಆರೋಗ್ಯ ರಕ್ಷಾ ಸಮಿತಿಗಳಿವೆ. ನಮ್ಮ ಚರ್ಚುಗಳ ಸ್ತ್ರೀ ಸಂಘಟನೆಯವರು, ಆರೋಗ್ಯ ಸೇವೆಯಲ್ಲಿರುವವರು ಆ ಸಮಿತಿಯ ಸದಸ್ಯರನ್ನು ಕಂಡು ಮೂರು ಪ್ರಶ್ನೆ ಕೇಳಲಿ: ಕಳೆದ ತಿಂಗಳು ಇಲ್ಲಿ ಎಷ್ಟು ಸಿಸೇರಿಯನ್ ಆದವು? ಎಷ್ಟು ತಾಯಂದಿರನ್ನು ಬೇರೆಡೆಗೆ ಕಳುಹಿಸಲಾಯಿತು? ಯಾವ ಹುದ್ದೆ ಎಷ್ಟು ಕಾಲದಿಂದ ಖಾಲಿ ಇದೆ? ಪ್ರತಿ ತಿಂಗಳೂ ಕೇಳುವವರಿದ್ದರೆ ಉತ್ತರ ಕೊಡುವವರೂ ಎಚ್ಚರವಾಗಿರುತ್ತಾರೆ.