ದಮ್ಮು ಹಳ್ಳಿಯಲ್ಲೂ ಇದೆ, ಈಜುಕೊಳ ಎಲ್ಲಿದೆ?

ಪೂರ್ತಿ ಉಸಿರೆಳೆದು ಒಂದೇ ಸಲ ಹೊರಗೆ ಬಿಟ್ಟರೆ ಎಷ್ಟು ಗಾಳಿ ಬರುತ್ತದೆ? ದೊಡ್ಡವರಲ್ಲಿ ಸಾಮಾನ್ಯವಾಗಿ 3ರಿಂದ 5 ಲೀಟರ್. ಸ್ಪರ್ಧೆಗೆ ಈಜುವವರಲ್ಲಿ ಇದು ಅದೇ ವಯಸ್ಸಿನ, ಅದೇ ಎತ್ತರದ ಬೇರೆಯವರಿಗಿಂತ ಹೆಚ್ಚಿರುತ್ತದೆ. ಹಲವು ದೇಶಗಳ ಅಧ್ಯಯನಗಳು ಇದನ್ನು ತೋರಿಸಿವೆ.

ಕಾರಣ ನೀರಿನಲ್ಲೇ ಇದೆ. ಕುತ್ತಿಗೆಮಟ್ಟ ನೀರಿಗಿಳಿದರೆ ಉಸಿರು ಬಿಗಿಯಾಗುವುದು ಕೆರೆಗಿಳಿದವರಿಗೆಲ್ಲ ಗೊತ್ತು. ನೀರು ಎದೆಗೂಡನ್ನು ಸುತ್ತಲಿಂದ ಒತ್ತುತ್ತದೆ. ಆ ಒತ್ತಡವನ್ನು ತಳ್ಳಿ ಉಸಿರೆಳೆಯಲು ಪಕ್ಕೆಲುಬಿನ ಸ್ನಾಯುಗಳು ಹೆಚ್ಚು ದುಡಿಯಬೇಕು. ಸಾಲದ್ದಕ್ಕೆ, ಬೇಕೆಂದಾಗ ಉಸಿರಾಡುವಂತಿಲ್ಲ. ಕೈ ಬೀಸುವ ಲಯಕ್ಕೆ ಸರಿಯಾಗಿ ಮುಖ ತಿರುಗಿಸಿ ಗಬಕ್ಕನೆ ಎಳೆದುಕೊಳ್ಳಬೇಕು. ವರ್ಷಗಟ್ಟಲೆ ಹೀಗೆ ಮಾಡಿದರೆ ಎದೆಯ ಸ್ನಾಯುಗಳು ಗಟ್ಟಿಯಾಗುತ್ತವೆ.

ಹುಟ್ಟಿನಿಂದಲೇ ದೊಡ್ಡ ಎದೆ ಇದ್ದವರು ಈಜಿನಲ್ಲಿ ಗೆಲ್ಲುತ್ತಾರೆ, ತರಬೇತಿಯಿಂದ ಅಲ್ಲ ಎನ್ನುವವರೂ ಇದ್ದಾರೆ. ಅದರಲ್ಲೂ ಸ್ವಲ್ಪ ನಿಜವಿದೆ. ಆದರೆ ಬೆಳೆಯುವ ವಯಸ್ಸಿನಲ್ಲಿ ಶುರುಮಾಡಿದ ಮಕ್ಕಳಿಗೆ ಲಾಭ ಹೆಚ್ಚು. ಮೈ ಬೆಳೆದು ನಿಂತ ಮೇಲೆ ಸ್ನಾಯು ಬಲಿಯಬಹುದು, ಶ್ವಾಸಕೋಶ ಅಷ್ಟಾಗಿ ಹಿಗ್ಗದು.

ನಮ್ಮ ತಕರಾರು ಇಲ್ಲೇ ಇರುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಈಜಿದ ಇಬ್ಬರೂ, ಶ್ರೀಹರಿ ನಟರಾಜ್ ಮತ್ತು 14 ವರ್ಷದ ಧಿನಿಧಿ ದೇಸಿಂಗು, ಬೆಂಗಳೂರಿನವರು. ನಮಗೆ ಹೆಮ್ಮೆಯೇ. ಆದರೆ ಕೊಳ, ಕೋಚ್ ಎರಡೂ ಇರುವ ಊರಿನಿಂದಲೇ ಈಜುಗಾರರು ಬರುತ್ತಾರೆ ಎಂಬುದೂ ಅಷ್ಟೇ ಸತ್ಯ. ನಮ್ಮ ಮಕ್ಕಳಿಗೆ ಇರುವುದು ಕೆರೆ, ಬಾವಿ, ಪ್ಲಾಸ್ಟಿಕ್ ಹಾಸಿದ ಜಾರುವ ಕೃಷಿ ಹೊಂಡ. ಅಲ್ಲಿ ಕಲಿಸುವವರಿಲ್ಲ, ಎತ್ತುವವರೂ ಇಲ್ಲ.

ದಮ್ಮು ಕಟ್ಟುವ ಪಂದ್ಯದ ಬಗ್ಗೆ ಒಂದು ಮಾತು. ಮುಳುಗುವ ಮೊದಲು ಜೋರಾಗಿ, ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕೆಂಬ ತುಡಿತ ಹುಟ್ಟುವ ಮೊದಲೇ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಲ್ಲವರೂ ಹೀಗೆ ಸತ್ತಿದ್ದಾರೆ. ಇದು ತರಬೇತಿಯಲ್ಲ, ಮಕ್ಕಳಿಗೆ ಬಿಡಿಸಿ ಹೇಳಿ.

ಕೊಳ ಕಟ್ಟಿದರೂ ಸಾಲದು. ಮುಚ್ಚಿದ ಕಟ್ಟಡದಲ್ಲಿ ಕ್ಲೋರಿನ್ ಘಾಟು ತುಂಬಿದರೆ ಅದೇ ಶ್ವಾಸನಾಳ ಕೆರಳಿಸುತ್ತದೆ. ದೊಡ್ಡ ಮಟ್ಟದ ಈಜುಗಾರರಲ್ಲಿ ಅಸ್ತಮಾ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ನಮ್ಮ ಬಿಸಿಲಿಗೆ ತೆರೆದ ಕೊಳವೇ ಚೆಂದ, ಖರ್ಚೂ ಕಡಿಮೆ.

ತಾಲ್ಲೂಕಿಗೊಂದು ತೆರೆದ ಕೊಳ, ಒಬ್ಬ ಕೋಚ್, ಹೆಣ್ಣುಮಕ್ಕಳಿಗೆ ಬೇರೆ ಸಮಯ. ನಾವು ಕೇಳುವುದು ಇಷ್ಟೇ. ಪದಕ ಬಂದರೆ ಸಂತೋಷ. ಬಾರದಿದ್ದರೂ ಮಕ್ಕಳು ನೀರಿಗಿಳಿದು ಜೀವಂತ ಮನೆಗೆ ಬರುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಕೇಳಿ.