ಹಳೆಯ ಗಣಕಕ್ಕೆ ಹೊಸ ತೇಪೆ

ಗಣಕಯಂತ್ರದ ಒಳಗುಟ್ಟು ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ್ದು, ಬಿ.ಎ. ಓದುವವರಿಗೆ ಅದರ ಗೊಡವೆ ಬೇಡವೆಂದು ಹೇಳುವವರುಂಟು. ಈ ಮಾತನ್ನು ನಾನು ಒಪ್ಪಲಾರೆ.

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತುಹೋಯಿತು. ಬೇರೆಯವರು ಬಳಸಿ ಮಾರಿದ ಲ್ಯಾಪ್‌ಟಾಪನ್ನು ಕೊಂಡು ಓದುತ್ತಿರುವ ನನ್ನಂಥವರಿಗೆ ಲಿನಕ್ಸ್ ಆಸರೆಯಾಗಿದೆ. ಅದಕ್ಕೆ ಬೆಲೆಯಿಲ್ಲ, ಅದರ ಮೂಲಲಿಪಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ವೈಫೈ ಚಿಪ್ಪಿಗೂ ವ್ಯವಸ್ಥೆಗೂ ನಡುವೆ ದುಭಾಷಿಯಾಗಿ ನಿಂತಿರುವುದೇ ಡ್ರೈವರ್. ತಪ್ಪು ಕಂಡಾಗ ಮೊದಲು ಹೊಸ ಆವೃತ್ತಿಯಲ್ಲಿ ತಿದ್ದುತ್ತಾರೆ. ಅನಂತರ ಆ ತಿದ್ದುಪಡಿಯನ್ನು ಹಳೆಯ ಆವೃತ್ತಿಗಳಿಗೆ ಒಗ್ಗಿಸಿ ತರುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಎಂದು ಹೆಸರು.

ಒಗ್ಗಿಸುವುದು ಸುಲಭವಲ್ಲ. ಹೊಸ ನಾಲೆಯ ಅಳತೆಗೆ ಮಾಡಿದ ತೂಬಿನ ಬಾಗಿಲು ಮಾಧವಮಂತ್ರಿ ನಾಲೆಗೆ ಹಾಗೆಯೇ ಕೂತೀತೆ? 2023ರ ಡಿಸೆಂಬರಿನಲ್ಲಿ ಆದದ್ದು ಇದೇ. ವೈಫೈ ಸಂಪರ್ಕದ ಗುಣವನ್ನು ಗಮನಿಸುವ ಭಾಗದ ತಿದ್ದುಪಡಿಯೊಂದನ್ನು 6.6.5 ಮತ್ತು 6.1.66 ಆವೃತ್ತಿಗಳಿಗೆ ತಂದರು. ಅದು ನೆಚ್ಚಿಕೊಂಡಿದ್ದ ಬೇರೊಂದು ಬದಲಾವಣೆ ಆ ಹಳೆಯ ಆವೃತ್ತಿಗಳಲ್ಲಿ ಇರಲಿಲ್ಲ. ಪರಿಣಾಮವಾಗಿ ಹಲವರ ಗಣಕಗಳು ಸ್ತಬ್ಧವಾದವು. ಕೆಲವೇ ದಿನಗಳಲ್ಲಿ 6.6.6 ಮತ್ತು 6.1.67ನ್ನು ಹೊರಡಿಸಿ ಆ ತೇಪೆಯನ್ನು ಕಿತ್ತುಹಾಕಬೇಕಾಯಿತು.

ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ಸಾಮಾನ್ಯವಾಗಿ ಸಿಗುವ ಅವಧಿ ಸುಮಾರು 2 ದಿನ. ನಮ್ಮ ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತಿಗೆ ಬೆಲೆ ಕಟ್ಟುವ ರೈತನಿಲ್ಲ. ಇಲ್ಲಿಯೂ ವೈಫೈ ಒಮ್ಮೆ ಕೂಡಿಕೊಂಡಿತೆಂದರೆ ಸಾಲದು. ಗಣಕವನ್ನು ಮಲಗಿಸಿ ಎಬ್ಬಿಸಬೇಕು. ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ, ದೂರ ಒಯ್ದು, ಗಂಟೆಗಟ್ಟಲೆ ಓಡಿಸಬೇಕು. (ಹಳೆಯ ಆವೃತ್ತಿಯನ್ನು ಅಳಿಸದೆ ಇಟ್ಟುಕೊಳ್ಳುವುದು ಕ್ಷೇಮ!) ಕೆಟ್ಟರೆ, ಯಾವ ಬದಲಾವಣೆಯಿಂದ ಕೆಟ್ಟಿತೆಂದು ಅರ್ಧರ್ಧ ಭಾಗಿಸುತ್ತ ಹುಡುಕಬಹುದು, 1,000 ಬದಲಾವಣೆಗಳಿದ್ದರೂ ಸುಮಾರು 10 ಪರೀಕ್ಷೆಗಳಲ್ಲಿ ಕಳ್ಳ ಸಿಗುತ್ತಾನೆ. ಸಾಕ್ಷ್ಯವನ್ನು ತೂಗಿ ನೋಡುವುದು ಇತಿಹಾಸದ ವಿದ್ಯಾರ್ಥಿಗೆ ಹೊಸದೇನೂ ಅಲ್ಲವಷ್ಟೆ. ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಅಂಜಿಕೆ ನನಗೂ ಇದೆ. ಆದರೆ ಅಲ್ಲಿ ಬೇಕಾದದ್ದು ಅಲಂಕಾರವಲ್ಲ. ಯಾವ ಯಂತ್ರ, ಯಾವ ಆವೃತ್ತಿ, ಏನಾಯಿತು, ಇಷ್ಟು ಸಾಕು.

ದೊಡ್ಡ ಕಂಪನಿಗಳಿಗೆ ಪುಕ್ಕಟೆ ದುಡಿಯುವುದೇಕೆಂದು ಸಹಪಾಠಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಲಿನಕ್ಸಿನಿಂದ ಕಂಪನಿಗಳು ಹೇರಳವಾಗಿ ಗಳಿಸುತ್ತಿರುವುದು ಸುಳ್ಳಲ್ಲ. ಆದರೆ ಹಳೆಯ ಯಂತ್ರ ಇನ್ನೂ ನಾಲ್ಕು ವರ್ಷ ಬಾಳಲೆಂದು ಹಂಬಲಿಸುವವರು ಹೊಸದನ್ನು ಮಾರುವವರಲ್ಲ. ಶುಲ್ಕಕ್ಕೂ ಬಸ್ ಪಾಸಿಗೂ ಲೆಕ್ಕ ಹಾಕುವ ಮನೆಯವರು. ಹಳೆಯ ಚಿಪ್ಪುಗಳು ಉಳಿದಿರುವುದೂ ಅಂಥವರ ಬಳಿಯೇ. ಅವುಗಳ ಮೇಲೆ ನಾವು ಪರೀಕ್ಷಿಸದಿದ್ದರೆ ಇನ್ನಾರು ಪರೀಕ್ಷಿಸಬೇಕು?

ಪರೀಕ್ಷಿಸಿದವರ ಹೆಸರನ್ನು ತಿದ್ದುಪಡಿಯ ಕೆಳಗೆ ದಾಖಲಿಸುವ ಪದ್ಧತಿ ಅಲ್ಲಿದೆ. ನಮ್ಮ ಕಾಲೇಜಿನಲ್ಲಿ ಮೂಲೆಗೆ ಸರಿಸಿದ ಗಣಕವೊಂದನ್ನು ಶನಿವಾರದ ಮಧ್ಯಾಹ್ನ ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ಗುರುಗಳಲ್ಲಿ ವಿನಂತಿಸುತ್ತೇನೆ. ಜೊತೆಗೆ ಬರುವ ಮಿತ್ರರಿಬ್ಬರು ಸಿಕ್ಕಿದರೆ ಬರುವ ವಾರವೇ ಆರಂಭಿಸಬಹುದು.