ಜಾಣ ಮಗುವಿಗೆ ಅಕ್ಷರವೇಕೆ ಒಲಿಯದು?

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಂಪ್ಲಿಯಿಂದ ನಮ್ಮ ಹಳೆಯ ಶಿಷ್ಯನೊಬ್ಬನು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೊಸಪೇಟೆಯ ನಮ್ಮ ಮನೆಗೆ ಬಂದನು. ಹೊಳೆಯ ದಂಡೆಯ ಗದ್ದೆಗಳಲ್ಲಿ ಪಂಪುಗಳನ್ನು ರಿಪೇರಿ ಮಾಡುವುದರಲ್ಲಿ ಆತನು ಹೆಸರುವಾಸಿ. ಶಬ್ದವನ್ನು ಕೇಳಿಯೇ ದೋಷವೆಲ್ಲಿದೆಯೆಂದು ಹೇಳುವನಂತೆ. “ಮೇಷ್ಟ್ರೇ, ಇವಳಿಗೂ ನನ್ನ ಹಾಗೆಯೇ ಓದೋಕೆ ಬರೋದಿಲ್ಲ. ಆದರೆ ದಡ್ಡಿಯಲ್ಲ” ಎಂದನು. ಆ ಕಡೆಯ ಮಾತು ನಮ್ಮನ್ನು ಉದ್ದೇಶಿಸಿಯೇ ಆಡಿದುದು. ಮೂವತ್ತು ವರ್ಷಗಳ ಹಿಂದೆ ಅವನನ್ನು ತುಂಬಿದ ತರಗತಿಯಲ್ಲಿ ನಿಲ್ಲಿಸಿ, ಒಂದೇ ಸಾಲನ್ನು ಹತ್ತು ಸಲ ಓದಿಸಿ, ಸಹಪಾಠಿಗಳು ನಗುವಾಗ ಸುಮ್ಮನಿದ್ದವರು ನಾವೇ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದುದರಿಂದಲೇ ಅವನದು ಸೋಮಾರಿತನವೆಂದು ನಿಶ್ಚಯಿಸಿದ್ದೆವು.

ಬಾಲಿಕೆಯನ್ನು ಹಂಪೆಗೆ ಹೋಗಿದ್ದೆಯಾ ಎಂದು ಕೇಳಿದೆವು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಬರೆದು ತೋರಿಸಿದಳು. “ಮುಂದೆ ಆನೆ ಇವೆ ತಾತ, ಆದರೆ ಅವುಗಳ ಹಿಂದೆ ಕುದುರೆಯ ಬಾಲವಿದೆ. ಮೊದಲು ಕುದುರೆಗಳೇ ಇದ್ದವು” ಎಂದಳು. ನಿಜವೇ; ಕುದುರೆಗಳ ಹಿಂಗಾಲು ಮತ್ತು ಬಾಲಗಳ ಅವಶೇಷಗಳು ಅಲ್ಲಿ ಇಂದಿಗೂ ಕಾಣುವುವು. ಎಷ್ಟೋ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದ ನಮಗೆ ಅದು ಕಂಡಿರಲಿಲ್ಲ! ಇದೇ ಮಗುವಿನ ಮುಂದೆ ಎರಡನೆಯ ತರಗತಿಯ ಪಾಠವನ್ನು ಇಟ್ಟೊಡನೆ ಮುಖ ಬಾಡಿತು, ಹೊಟ್ಟೆನೋವೆಂದಳು. ಶಾಲೆಯ ದಿನಗಳಲ್ಲಿ ಪ್ರತಿ ಬೆಳಿಗ್ಗೆಯೂ ಹೀಗೆಯೇ ಎಂದು ತಂದೆ ಹೇಳಿದನು.

ವೈದ್ಯರು ಇದನ್ನು ಡಿಸ್ಲೆಕ್ಸಿಯ ಎನ್ನುವರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವರ್ಷದ ಇಂತಹ ಹುಡುಗನೊಬ್ಬನನ್ನು ಕುರಿತು ಬರೆದರು. ಪಾಠವೆಲ್ಲವೂ ಬಾಯಿಂದಲೇ ನಡೆದರೆ ಶಾಲೆಗೆಲ್ಲ ಇವನೇ ಚುರುಕಾದವನೆಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ನಮಗಿಂತ ಆ ಉಪಾಧ್ಯಾಯರು ವಿವೇಕಿಗಳು. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ; ಧ್ವನಿಗೂ ಲಿಪಿಗೂ ಗಂಟುಹಾಕುವ ಮಿದುಳಿನ ಕೆಲಸದಲ್ಲಿರುವ ಭೇದ. ವಂಶದಲ್ಲಿ ಹರಿದುಬರುವುದೂ ಉಂಟು. ನಮ್ಮ ಲಿಪಿಯಾದರೂ ಸುಲಭವೇ? ದಕಾರದ ಹೊಟ್ಟೆ ಸೀಳಿದರೆ ಧಕಾರ, ಅದರೊಳಗೆ ಚುಕ್ಕೆಯಿಟ್ಟರೆ ಥಕಾರ. ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯುವ ರೇಫವನ್ನು ಕಡೆಗೆ ಬರೆಯುವೆವು. ಬರಹವನ್ನು ನೋಡಿ ಪಠಿಸುವವನನ್ನು ಪಾಣಿನೀಯ ಶಿಕ್ಷೆಯು ಅಧಮ ಪಾಠಕರಲ್ಲಿ ಒಬ್ಬನೆಂದು ಎಣಿಸಿರುವುದು ಈ ಸಂದರ್ಭದಲ್ಲಿ ನೆನಪಾಗಿ ನಗುಬಂದಿತು.

ಜಾಣ ಮಕ್ಕಳ ಕಷ್ಟವೆಂದರೆ, ಅವರ ಜಾಣತನವು ತೊಡಕನ್ನು ಮುಚ್ಚುವುದು, ತೊಡಕು ಜಾಣತನವನ್ನು ಮುಚ್ಚುವುದು. ನೋಡುವವರಿಗೆ ಕಾಣುವುದು ಸಾಧಾರಣವಾದ, ಮೊಂಡಾದ ಒಂದು ಮಗು. ತನಗೆ ತಿಳಿದಿದೆಯೆಂದು ಅದಕ್ಕೆ ಗೊತ್ತು, ತಿಳಿದುದನ್ನು ಬರೆದು ತೋರಿಸಲಾರದೆಂಬುದೂ ಗೊತ್ತು. ಈ ಎರಡರ ನಡುವೆ ಮನಸ್ಸು ಕುದಿಯುವುದು. ಕೋಪವೂ ಅಳುವೂ ಹೊಟ್ಟೆನೋವೂ ಅಲ್ಲಿಂದಲೇ ಬರುವುವು. ಆದುದರಿಂದ ಅಕ್ಷರವನ್ನು ತಿದ್ದಿಸುವುದರ ಜೊತೆಗೆ ಮನಸ್ಸಿಗೂ ಆಸರೆ ಬೇಕು.

1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ, ಎಂದರೆ ಹೊಸಪೇಟೆ, ಸಂಡೂರು, ಕಂಪ್ಲಿಗಳೂ ಸೇರಿದ್ದ ನಮ್ಮ ಸೀಮೆಯಲ್ಲಿಯೇ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಚಿಕಿತ್ಸೆಯನ್ನು ಕಲಿಸಿದರು. 1996ರಲ್ಲಿ ದೇಶದ ಇತರ ಜಿಲ್ಲೆಗಳಿಗೆ ಇದೇ ಮಾದರಿಯಾಯಿತು. ಆ ಕಾಲದಲ್ಲಿಯೇ ನಾವು ಉಪಾಧ್ಯಾಯರಾದೆವು. ಉನ್ಮಾದ, ಅಪಸ್ಮಾರಗಳಿಗೆ ಊರಲ್ಲೇ ಔಷಧ ಸಿಗುವುದೆಂದು ಕೇಳಿ ಸಂತೋಷಪಟ್ಟೆವೇ ಹೊರತು, ನಮ್ಮ ಬೆಂಚಿನ ಮೇಲೆ ಕುಳಿತ ಹುಡುಗನಿಗೂ ಅದಕ್ಕೂ ಸಂಬಂಧವಿರಬಹುದೆಂದು ಹೊಳೆಯಲಿಲ್ಲ.

ಶಿಷ್ಯನಿಗೆ ತಿಳಿದಷ್ಟನ್ನು ಹೇಳಿದೆವು. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಮಗುವನ್ನು ತೋರಿಸಬೇಕು. ಬುದ್ಧಿಯನ್ನೂ ಓದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವರು. ಇದಕ್ಕೆ ಗುಳಿಗೆಯಿಲ್ಲ, ಧ್ವನಿ ಧ್ವನಿಯಾಗಿ ಬಿಡಿಸಿ ಕಲಿಸುವ ಅಭ್ಯಾಸವುಂಟು, ಮನಸ್ಸಿನ ಕುದಿಗೆ ಆಪ್ತಸಲಹೆಯುಂಟು. ಮನೆಯವರಿಗೆ ದಿಕ್ಕು ತೋರದಿದ್ದರೆ 14416ಕ್ಕೆ ಫೋನು ಮಾಡಿದರೆ ಟೆಲಿಮಾನಸದವರು ಕನ್ನಡದಲ್ಲಿಯೇ ಮಾತನಾಡುವರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಈ ತೊಡಕನ್ನು ಅಂಗೀಕರಿಸಿ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಬರೆದುಕೊಡುವವರ ಸಹಾಯಕ್ಕೆ ಅವಕಾಶ ಮಾಡಿದೆ. ಪ್ರಮಾಣಪತ್ರ ತಂದರೆ ಹುಡುಗಿಗೆ ಕಳಂಕವಲ್ಲವೇ ಎಂದು ಅವನು ಕೇಳಿದನು. ಹತ್ತು ಸಲ ಓದಿಸಿ ನಗಿಸಿದುದಕ್ಕಿಂತ ಅದು ದೊಡ್ಡ ಕಳಂಕವಾಗಲಾರದೆಂದೆವು. ಆ ದಿನದ್ದು ನಮ್ಮದೇ ತಪ್ಪೆಂದೂ ಒಪ್ಪಿಕೊಂಡೆವು. ಅವನು ತಲೆ ತಗ್ಗಿಸಿ, “ಬಿಡಿ ಮೇಷ್ಟ್ರೇ” ಎಂದನು. ಆದರೆ ಅವನು ಅದನ್ನು ಇಷ್ಟು ವರ್ಷ ಬಿಟ್ಟಿರಲಿಲ್ಲವೆಂಬುದು ಮುಖದಿಂದ ತಿಳಿಯುತ್ತಿತ್ತು.

ಅಂದಿನಿಂದ ಭಾನುವಾರಗಳಲ್ಲಿ ಬರುತ್ತಿರುವರು. ನಾವು ಓದುವೆವು, ಮಗು ಕೇಳಿ ಕಥೆಯನ್ನು ತಿರುಗಿ ಹೇಳುವುದು. ಬಳಿಕ ಐದೇ ಅಕ್ಷರ, ಮರಳಿನ ತಟ್ಟೆಯಲ್ಲಿ ಬೆರಳಿಂದ. ಮೊನ್ನೆ ಹೊಟ್ಟೆನೋವೆನ್ನಲಿಲ್ಲ. ತಂದೆಯು ಮೊದಲೆರಡು ವಾರ ಜಗಲಿಯಲ್ಲಿಯೇ ಕುಳಿತಿದ್ದನು. ಈಗ ಒಳಗೆ ಬಂದು, ಮಗಳ ಪಕ್ಕದಲ್ಲಿ, ತನಗೂ ಒಂದು ತಟ್ಟೆಯನ್ನು ಕೇಳಿರುವನು.